ಇಲಿ ಬಿದ್ದ ಊರುಗಳು: ಪ್ಲೇಗನ್ನು ಮನುಷ್ಯರು ಎದುರಿಸಿದ ಬಗೆ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಮಹೋತ್ಸವ ಸಮಿತಿಯವರು ನನಗೆ ಫೋನ್ ಮಾಡಿ, "ನೀನು ಕಂಪ್ಯೂಟರ್ ಎಂಜಿನಿಯರ್, ಸಾಫ್ಟ್‌ವೇರ್ ಕೆಲಸ ಸಿಗೋದು ಹೇಗೆ ಅಂತ ಮಕ್ಕಳಿಗೆ ಅರ್ಧ ಗಂಟೆ ಹೇಳಪ್ಪ" ಎಂದರು. ಅದನ್ನು ಊಟವಾದ ಮೇಲೆ ಬೇವಿನ ಮರದ ಕೆಳಗೆ ಕೂತು ಎಷ್ಟು ಹೊತ್ತು ಬೇಕಾದರೂ ಹೇಳುತ್ತೇನೆ. ವೇದಿಕೆಯ ಮೇಲೆ ಬೇರೆ ವಿಷಯ ಮಾತಾಡಲು ಅವಕಾಶ ಕೊಡಿ ಎಂದು ಕೇಳಿಕೊಂಡೆ. ಅವರು ಒಪ್ಪಿದರು. ವಿಷಯ ಪ್ಲೇಗ್ ಎಂದಾಗ ಮಾತ್ರ ಆ ಕಡೆಯಿಂದ ಸ್ವಲ್ಪ ಹೊತ್ತು ಉತ್ತರ ಬರಲಿಲ್ಲ. ಐವತ್ತು ವರ್ಷದ ಹಬ್ಬದಲ್ಲಿ ರೋಗದ ಮಾತೇಕೆ ಎಂದು ನಿಮಗೂ ಅನ್ನಿಸಬಹುದು. ಕಾರಣ ಇದೆ, ಮಾತು ಮುಗಿಯುವ ಹೊತ್ತಿಗೆ ಅದು ತಿಳಿಯುತ್ತದೆ. ನಾನು ವೈದ್ಯನಲ್ಲ, ಇತಿಹಾಸವನ್ನು ಕಾಲೇಜಿನಲ್ಲಿ ಓದಿದವನೂ ಅಲ್ಲ. ಕೆಲವು ವರ್ಷಗಳಿಂದ ಈ ವಿಷಯವನ್ನು ಆಸಕ್ತಿಯಿಂದ ಓದುತ್ತಾ ಬಂದಿದ್ದೇನೆ, ಅಷ್ಟೆ.

ನಮ್ಮೂರಿನ ಪೂರ್ವಕ್ಕೆ ಕೆರೆ ಏರಿ ದಾಟಿದರೆ ಗುಡಿಸಲು ಮಾಳ ಎಂದು ಕರೆಯುವ ಹೊಲಗಳಿವೆ. ಅಲ್ಲಿ ಒಂದು ಗುಡಿಸಲೂ ಇಲ್ಲ. ಮತ್ತೆ ಆ ಹೆಸರು ಯಾಕೆ? ನಮ್ಮ ಅಜ್ಜಿ ಹೇಳುತ್ತಿದ್ದರು. ಅವರ ಅತ್ತೆಯ ಕಾಲದಲ್ಲಿ "ಇಲಿ ಬಿತ್ತು" ಎಂಬ ಎರಡು ಮಾತು ಕೇಳಿದರೆ ಸಾಕು, ಊರಿಗೆ ಊರೇ ಎದ್ದು ಹೊರಡುತ್ತಿತ್ತಂತೆ. ಅಟ್ಟದಿಂದಲೋ ಸೂರಿನಿಂದಲೋ ಇಲಿ ತಾನಾಗಿ ಬಿದ್ದು ಸತ್ತರೆ ಮಾರಿ ಬಂದಳು ಎಂದು ಲೆಕ್ಕ. ಪಾತ್ರೆ ಪಡಗ, ದನ ಕರು, ಒಂದಿಷ್ಟು ರಾಗಿ ತೆಗೆದುಕೊಂಡು ಮಾಳದಲ್ಲಿ ತೆಂಗಿನ ಗರಿಯ ಗುಡಿಸಲು ಹಾಕಿ ತಿಂಗಳುಗಟ್ಟಲೆ ಇರುತ್ತಿದ್ದರು. ಆಮೇಲೆ ಮನೆಗಳಿಗೆ ಸುಣ್ಣ ಬಳಿದು, ಗಡಿ ಮಾರಮ್ಮನಿಗೆ ತಂಬಿಟ್ಟಿನ ಆರತಿ ಮಾಡಿ ಒಳಗೆ ಬರುತ್ತಿದ್ದರು. ಹಳೆ ಮೈಸೂರು ಸೀಮೆಯ ಎಷ್ಟೋ ಊರುಗಳಲ್ಲಿ ಇಂಥದೇ ಕಥೆ ಸಿಗುತ್ತದೆ. ಪ್ಲೇಗಮ್ಮ, ಪ್ಲೇಗ್ ಮಾರಮ್ಮ ಎಂಬ ಹೆಸರಿನ ಗುಡಿಗಳು ಇಂದಿಗೂ ಇವೆ. ಅನಂತಮೂರ್ತಿಯವರ 'ಸಂಸ್ಕಾರ' ಓದಿದವರಿಗೆ ಅಗ್ರಹಾರದಲ್ಲಿ ಇಲಿಗಳು ಬಿದ್ದು ಸಾಯುವುದು ನೆನಪಿರಬಹುದು.

ನಮ್ಮ ಅಜ್ಜಿಯ ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಸೂಕ್ಷ್ಮಾಣು ಎಂಬ ಪದ ಅವರಿಗೆ ಗೊತ್ತಿರಲಿಲ್ಲ. ಆದರೆ ಇಲಿ ಬಿದ್ದ ಮನೆ ಬಿಡಬೇಕು ಎಂಬುದು ಗೊತ್ತಿತ್ತು. ಅದೇ ಹೊತ್ತಿನಲ್ಲಿ ದೊಡ್ಡ ದೊಡ್ಡ ಊರುಗಳ ದೊಡ್ಡ ಪದವಿಯ ವೈದ್ಯರು ಇಲಿಯ ಮಾತಿಗೆ ನಗುತ್ತಿದ್ದರು. ಇದು ಹೇಗಾಯಿತು ಎಂದು ತಿಳಿಯಲು ಹೊರಟು ನಾನು ಬಹಳ ದೂರ ಹೋಗಬೇಕಾಯಿತು.

ಮಕ್ಕಳಿಗಾಗಿ ಮೊದಲು ರೋಗದ ಬಗ್ಗೆ ನಾಲ್ಕು ಮಾತು. ಪ್ಲೇಗ್ ಮೂಲತಃ ಇಲಿ, ಅಳಿಲಿನ ಜಾತಿಯ ಪ್ರಾಣಿಗಳ ರೋಗ. ಒಂದು ಬಗೆಯ ಬ್ಯಾಕ್ಟೀರಿಯಾದಿಂದ ಬರುತ್ತದೆ. ಇಲಿಯ ಮೈಮೇಲಿನ ಚಿಗಟ ರಕ್ತ ಹೀರುವಾಗ ಬ್ಯಾಕ್ಟೀರಿಯಾ ಅದರ ಹೊಟ್ಟೆ ಸೇರುತ್ತದೆ. ಅಲ್ಲಿ ಬೆಳೆದು, ಗಟ್ಟಿಯಾಗಿ, ಚಿಗಟದ ಅನ್ನನಾಳವನ್ನೇ ಮುಚ್ಚಿಬಿಡುತ್ತದೆ. ಹಸಿವು ತಾಳಲಾರದೆ ಚಿಗಟ ಮತ್ತೆ ಮತ್ತೆ ಕಚ್ಚುತ್ತದೆ, ಕಚ್ಚಿದಾಗಲೆಲ್ಲ ರೋಗವನ್ನು ಒಳಕ್ಕೆ ಕಕ್ಕುತ್ತದೆ. ಇಲಿ ಸತ್ತು ಮೈ ತಣ್ಣಗಾದ ಮೇಲೆ ಬಿಸಿ ರಕ್ತ ಹುಡುಕಿಕೊಂಡು ಮನುಷ್ಯರ ಮೇಲೆ ಹಾರುತ್ತದೆ. ಕಚ್ಚಿಸಿಕೊಂಡವರಿಗೆ ಜ್ವರ, ತೊಡೆಸಂದಿ ಅಥವಾ ಕಂಕುಳಲ್ಲಿ ನೋವಿನ ಗಡ್ಡೆ. ಔಷಧಿ ಸಿಗದಿದ್ದರೆ ನೂರರಲ್ಲಿ ಮೂವತ್ತರಿಂದ ಅರವತ್ತು ಜನ ಸಾಯುತ್ತಾರೆ. ಶ್ವಾಸಕೋಶಕ್ಕೆ ಹತ್ತಿದರೆ ಕೆಮ್ಮಿನಿಂದ ಒಬ್ಬರಿಂದೊಬ್ಬರಿಗೆ ನೇರವಾಗಿ ಹರಡುತ್ತದೆ. ಆ ಬಗೆಯಲ್ಲಿ ಔಷಧಿಯಿಲ್ಲದೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ.

ಈ ನಾಲ್ಕು ಮಾತು ತಿಳಿಯಲು ಮನುಷ್ಯ ಕುಲಕ್ಕೆ ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.

541ರಲ್ಲಿ ಕಾನ್‌ಸ್ಟಾಂಟಿನೋಪಲ್‌ ಇದ್ದ ಸಾಮ್ರಾಜ್ಯದಲ್ಲಿ ಈ ರೋಗ ಕಾಣಿಸಿಕೊಂಡಿತು. 1347ರಲ್ಲಿ ಹಡಗುಗಳ ಮೂಲಕ ಇಟಲಿಯ ಸಿಸಿಲಿ ದ್ವೀಪಕ್ಕೆ ಬಂದದ್ದು ನಾಲ್ಕೈದು ವರ್ಷಗಳಲ್ಲಿ ಯೂರೋಪಿನ ಮೂರನೆಯ ಒಂದು ಪಾಲಿಗೂ ಹೆಚ್ಚು ಜನರನ್ನು ತೆಗೆದುಕೊಂಡು ಹೋಯಿತು. ಫ್ರಾನ್ಸಿನ ದೊರೆ ಪ್ಯಾರಿಸ್ ವಿಶ್ವವಿದ್ಯಾಲಯದ ವೈದ್ಯ ಪಂಡಿತರನ್ನು ಕಾರಣ ಕೇಳಿದ. ಅವರು 1348ರಲ್ಲಿ ಕೊಟ್ಟ ಉತ್ತರ ಇದು: 1345ರ ಮಾರ್ಚ್‌ನಲ್ಲಿ ಶನಿ, ಗುರು, ಕುಜ ಮೂವರೂ ಕುಂಭ ರಾಶಿಯಲ್ಲಿ ಸೇರಿದ್ದರಿಂದ ಗಾಳಿ ಕೆಟ್ಟಿತು. ನಗಬೇಡಿ. ಅವರ ಕೈಯಲ್ಲಿ ಸೂಕ್ಷ್ಮದರ್ಶಕ ಇರಲಿಲ್ಲ. ಕಣ್ಣಿಗೆ ಕಾಣದ್ದಕ್ಕೆ ಆಕಾಶದಲ್ಲಿ ಕಾರಣ ಹುಡುಕಿದರು.

ಗಾಳಿ ಕೆಟ್ಟಿದೆ ಎಂದ ಮೇಲೆ ಚಿಕಿತ್ಸೆಯೂ ಅದಕ್ಕೆ ತಕ್ಕಂತೆಯೇ ಆಯಿತು. ಸುವಾಸನೆಯ ಕಟ್ಟಿಗೆ ಸುಟ್ಟು ಹೊಗೆ ಹಾಕಿದರು. ಗಿಡಮೂಲಿಕೆಯ ಗಂಟನ್ನು ಮೂಗಿಗೆ ಹಿಡಿದು ಓಡಾಡಿದರು. ನರ ಕತ್ತರಿಸಿ ರಕ್ತ ತೆಗೆದರು. ಗಡ್ಡೆ ಸೀಳಿ ಬರೆ ಹಾಕಿದರು. ಹಾವಿನ ಮಾಂಸ ಸೇರಿದಂತೆ ಹತ್ತಾರು ವಸ್ತು ಕುಟ್ಟಿ ಮಾಡಿದ ಲೇಹ್ಯವನ್ನು, ಕೊಳ್ಳುವ ಶಕ್ತಿ ಇದ್ದವರಿಗೆ ತಿನ್ನಿಸಿದರು. ಮುಂದೆ 17ನೇ ಶತಮಾನದಲ್ಲಿ ಕೆಲವು ವೈದ್ಯರು ಹಕ್ಕಿಯ ಕೊಕ್ಕಿನಂಥ ಮುಖವಾಡ ತೊಟ್ಟು, ಅದರೊಳಗೆ ಸುಗಂಧ ದ್ರವ್ಯ ತುಂಬಿಕೊಂಡು ರೋಗಿಗಳನ್ನು ನೋಡುತ್ತಿದ್ದರು. ಜೊತೆಗೆ ಮೇಣ ಹಚ್ಚಿದ ಉದ್ದನೆಯ ನಿಲುವಂಗಿ. ಮುಖವಾಡದ ಸುಗಂಧದಿಂದ ಏನೂ ಆಗುತ್ತಿರಲಿಲ್ಲ. ಮೇಣದ ಬಟ್ಟೆಗೆ ಚಿಗಟ ಹತ್ತುವುದು ಕಷ್ಟವಿದ್ದಿರಬಹುದು. ತಪ್ಪು ಲೆಕ್ಕಕ್ಕೆ ಎಲ್ಲೋ ಒಂದು ಕಡೆ ಸರಿ ಉತ್ತರ ಬಂದ ಹಾಗೆ.

ಔಷಧಿ ಕೆಲಸ ಮಾಡದಿದ್ದಾಗ ಜನ ಇನ್ನೊಬ್ಬರನ್ನು ಹುಡುಕುತ್ತಾರೆ, ದೂರುವುದಕ್ಕೆ. ಯೆಹೂದಿಗಳು ಬಾವಿಗೆ ವಿಷ ಹಾಕಿದ್ದಾರೆ ಎಂದು ಸುದ್ದಿ ಹಬ್ಬಿಸಿ, 1349ರ ಫೆಬ್ರವರಿಯಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ನೂರಾರು ಯೆಹೂದಿಗಳನ್ನು ಸುಟ್ಟರು. ಆ ಊರಿಗೆ ಪ್ಲೇಗ್ ಇನ್ನೂ ಬಂದೇ ಇರಲಿಲ್ಲ.

ಅದೇ ಶತಮಾನದಲ್ಲಿ ಕೆಲಸಕ್ಕೆ ಬರುವ ಒಂದು ಉಪಾಯವೂ ಹುಟ್ಟಿತು. ಇಂದಿನ ಕ್ರೊಯೇಷಿಯಾದಲ್ಲಿರುವ ದುಬ್ರೋವ್ನಿಕ್, ಆಗಿನ ಹೆಸರು ರಗೂಸ, ವ್ಯಾಪಾರದಿಂದ ಬದುಕುವ ಬಂದರು. ಬಾಗಿಲು ಮುಚ್ಚಿದರೆ ಹೊಟ್ಟೆಗಿಲ್ಲ, ತೆರೆದರೆ ಸಾವು. 1377ರಲ್ಲಿ ಅವರು ಒಂದು ಕಾನೂನು ಮಾಡಿದರು. ರೋಗ ಇರುವ ಕಡೆಯಿಂದ ಬಂದವರು ಊರ ಹೊರಗೆ ಮೂವತ್ತು ದಿನ ಇದ್ದು, ಆರೋಗ್ಯವಾಗಿದ್ದರೆ ಒಳಗೆ ಬರಬಹುದು. ಮುಂದೆ ಅದು ನಲವತ್ತು ದಿನವಾಯಿತು. ಇಟಲಿಯ ಭಾಷೆಯಲ್ಲಿ ನಲವತ್ತಕ್ಕೆ ಕ್ವರಂತ. ನಮ್ಮ ಹಳ್ಳಿಯ ಮಕ್ಕಳಿಗೂ 2020ರಲ್ಲಿ ಬಾಯಿಪಾಠವಾದ ಕ್ವಾರಂಟೈನ್ ಎಂಬ ಪದ ಅಲ್ಲಿಂದ ಬಂದದ್ದು. ಯಾಕೆ ರೋಗ ಬರುತ್ತದೆ ಎಂದು ಗೊತ್ತಿಲ್ಲದಿದ್ದರೂ ಹೇಗೆ ಬರುತ್ತದೆ ಎಂಬುದನ್ನು ನೋಡಿ ಮಾಡಿದ ಏರ್ಪಾಡು ಅದು.

ಆದರೆ ಏರ್ಪಾಡು ಇದ್ದರೆ ಸಾಲದು. 1720ರಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿಗೆ ಒಂದು ಹಡಗು ಬಂತು. ದಾರಿಯಲ್ಲೇ ಹಲವರು ಸತ್ತಿದ್ದರು. ನಿಯಮದಂತೆ ಸರಕನ್ನು ಬೇರೆ ಇಡಬೇಕಿತ್ತು. ಜಾತ್ರೆ ಹತ್ತಿರ ಬಂದಿತ್ತು, ಬಟ್ಟೆ ಮಾರಾಟವಾಗಬೇಕಿತ್ತು, ಸರಕಿನ ಮಾಲೀಕರಲ್ಲಿ ಊರಿನ ದೊಡ್ಡ ಮನುಷ್ಯರೂ ಇದ್ದರು. ನಿಯಮ ಸಡಿಲವಾಯಿತು. ಊರಿನ ಅರ್ಧದಷ್ಟು ಜನ ಸತ್ತರು.

ಇಂಗ್ಲೆಂಡಿನ ಎರಡು ಉದಾಹರಣೆ ಹೇಳುತ್ತೇನೆ. ಎರಡೂ ಒಂದೇ ಕಾಲದವು. 1665ರಲ್ಲಿ ಲಂಡನ್ನಿನಲ್ಲಿ ಪ್ಲೇಗ್ ಬಂದಾಗ ರೋಗಿ ಇರುವ ಮನೆಗೆ ಹೊರಗಿನಿಂದ ಬೀಗ ಹಾಕಿ, ಬಾಗಿಲಿಗೆ ಕೆಂಪು ಶಿಲುಬೆ ಬರೆದು, ಕಾವಲುಗಾರರನ್ನು ನಿಲ್ಲಿಸುತ್ತಿದ್ದರು. ಒಳಗೆ ಆರೋಗ್ಯವಂತರೂ ಮಕ್ಕಳೂ ಇರುತ್ತಿದ್ದರು. ಹಾಗಾಗಿ ಜನ ರೋಗ ಮುಚ್ಚಿಟ್ಟರು, ಲಂಚ ಕೊಟ್ಟರು, ರಾತ್ರೋರಾತ್ರಿ ಓಡಿದರು. ನಗರದ ಆಡಳಿತ ನಾಯಿ ಬೆಕ್ಕುಗಳೇ ರೋಗ ಹರಡುತ್ತವೆ ಎಂದು ಅವುಗಳನ್ನು ಕೊಲ್ಲಿಸಿತು. ಬೆಕ್ಕು ಹೋದ ಮೇಲೆ ಇಲಿಗೆ ಯಾರ ಭಯ? ಆ ಒಂದು ವರ್ಷದಲ್ಲಿ ಲೆಕ್ಕಕ್ಕೆ ಸಿಕ್ಕ ಪ್ಲೇಗ್ ಸಾವುಗಳೇ ಸುಮಾರು 68 ಸಾವಿರ.

ಅದೇ ವರ್ಷ ಐಯಮ್ ಎಂಬ ಹಳ್ಳಿಗೆ ಲಂಡನ್ನಿನಿಂದ ಬಂದ ಬಟ್ಟೆಯ ಗಂಟಿನ ಜೊತೆ ರೋಗ ಬಂತು ಎಂದು ಹೇಳುತ್ತಾರೆ. ನಮ್ಮೂರಿನಷ್ಟೇ ಚಿಕ್ಕ ಊರು. 1666ರ ಬೇಸಿಗೆಯಲ್ಲಿ ಊರಿನ ಪಾದ್ರಿ ವಿಲಿಯಂ ಮಾಂಪೆಸನ್ ಜನರನ್ನು ಸೇರಿಸಿ, ನಾವು ಹೊರಗೆ ಹೋದರೆ ಸುತ್ತಲಿನ ಊರುಗಳಿಗೂ ರೋಗ ಹೋಗುತ್ತದೆ, ಗಡಿ ದಾಟುವುದು ಬೇಡ ಎಂದರು. ಜನ ಒಪ್ಪಿದರು. ಪಕ್ಕದ ಊರುಗಳವರು ದವಸ ಧಾನ್ಯ ತಂದು ಗಡಿಕಲ್ಲಿನ ಬಳಿ ಇಡುತ್ತಿದ್ದರು. ಇವರು ಕಲ್ಲಿನ ಕುಳಿಯಲ್ಲಿ ವಿನೆಗರ್ ತುಂಬಿ ಅದರೊಳಗೆ ಹಣ ಇಡುತ್ತಿದ್ದರು. ಪ್ಲೇಗ್ ಮುಗಿಯುವ ಹೊತ್ತಿಗೆ ಊರಿನ ಸುಮಾರು 260 ಜನ ಹೋಗಿದ್ದರು. ಪಾದ್ರಿಯ ಹೆಂಡತಿಯೂ ಅವರಲ್ಲಿ ಒಬ್ಬರು. ಸುತ್ತಲಿನ ಊರುಗಳು ಉಳಿದವು. ಮಹಾನಗರದಲ್ಲಿ ಬೀಗ ಹಾಕಿ ಮಾಡಲಾಗದ್ದನ್ನು ಒಂದು ಹಳ್ಳಿ ಬೀಗವಿಲ್ಲದೆ ಮಾಡಿತು. ಆದರೆ ಅದಕ್ಕೆ ಅವರು ಕೊಟ್ಟ ಬೆಲೆಯನ್ನೂ ಮರೆಯಬಾರದು.

ಇನ್ನು ನಮ್ಮ ದೇಶಕ್ಕೆ ಬರೋಣ. ಇಲಿಗೂ ರೋಗಕ್ಕೂ ಇರುವ ನಂಟನ್ನು ನಮ್ಮವರು ಬಹಳ ಹಿಂದೆಯೇ ಗಮನಿಸಿದ್ದರು. ಮೊಗಲ್ ದೊರೆ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಆಗ್ರಾದ ಪ್ಲೇಗ್ ಬಗ್ಗೆ ಬರೆಯುತ್ತಾ, ಒಂದು ಮನೆಯಲ್ಲಿ ಇಲಿಯೊಂದು ಅಮಲೇರಿದಂತೆ ತೂರಾಡಿ ಬಿದ್ದದ್ದು, ಅದನ್ನು ಕಚ್ಚಿದ ಬೆಕ್ಕಿಗೆ ಕಾಯಿಲೆಯಾದದ್ದು, ಆಮೇಲೆ ಮನೆಯ ಜನ ಒಬ್ಬೊಬ್ಬರಾಗಿ ಸತ್ತದ್ದನ್ನು ದಾಖಲಿಸಿದ್ದಾನೆ. ಹಿಮಾಲಯದ ಕುಮಾವೂನ್ ಬೆಟ್ಟಗಳ ಹಳ್ಳಿಗರು ಇಲಿ ಸತ್ತರೆ ಊರು ಬಿಡುತ್ತಿದ್ದರು. ಅವರೂ ಈ ರೋಗವನ್ನು ಮಹಾಮಾರಿ ಎಂದೇ ಕರೆಯುತ್ತಿದ್ದರು.

1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಪ್ಲೇಗ್ ಬಂದಾಗ ಅಲೆಕ್ಸಾಂಡ್ರ್ ಯೆರ್ಸಿನ್ ಎಂಬ ಯುವ ವೈದ್ಯ ಹುಲ್ಲಿನ ಗುಡಿಸಲಿನಲ್ಲಿ ಸೂಕ್ಷ್ಮದರ್ಶಕ ಇಟ್ಟುಕೊಂಡು ಗಡ್ಡೆಯ ರಸದಲ್ಲಿ ಬ್ಯಾಕ್ಟೀರಿಯಾ ಕಂಡುಹಿಡಿದರು. ಜಪಾನಿನ ಕಿಟಾಸಾಟೊ ಕೂಡ ಅದೇ ಸಮಯದಲ್ಲಿ ಅಲ್ಲೇ ಹುಡುಕುತ್ತಿದ್ದರು. ಬ್ಯಾಕ್ಟೀರಿಯಾ ಸಿಕ್ಕಿತು. ಆದರೆ ಅದು ಮನುಷ್ಯನ ಮೈಗೆ ಹೇಗೆ ಬರುತ್ತದೆ ಎಂಬುದು ತಿಳಿಯಲಿಲ್ಲ. ಎರಡು ವರ್ಷದಲ್ಲಿ, 1896ರ ಸೆಪ್ಟೆಂಬರಿನಲ್ಲಿ, ಮುಂಬಯಿಯ ಮಾಂಡ್ವಿಯಲ್ಲಿ ಡಾ. ವಿಯೆಗಾಸ್ ಎಂಬ ಗೋವಾ ಮೂಲದ ವೈದ್ಯರು ಪ್ಲೇಗ್ ಗುರುತಿಸಿದರು. ಮುಂದಿನ ಕೆಲವು ದಶಕಗಳಲ್ಲಿ ಈ ರೋಗ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದಿತು.

ಬ್ರಿಟಿಷ್ ಸರ್ಕಾರ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಕೊರೋನಾ ಕಾಲದಲ್ಲೂ ಬಳಸಿದ್ದು ಅದೇ ಕಾಯ್ದೆ. ಪುಣೆಯಲ್ಲಿ ರ‍್ಯಾಂಡ್ ಎಂಬ ಅಧಿಕಾರಿಯ ಕೈಕೆಳಗೆ ಸೈನಿಕರು ಮನೆಗಳಿಗೆ ನುಗ್ಗಿ ರೋಗಿಗಳನ್ನು ಹುಡುಕಿದರು. ದೇವರ ಮನೆ, ಅಡುಗೆ ಮನೆ ನೋಡಲಿಲ್ಲ. ಹೆಂಗಸರನ್ನು ಹೊರಗೆ ತಂದು ಪರೀಕ್ಷೆ ಮಾಡಿದರು. ಸಾಮಾನು ಸುಟ್ಟರು. ಜನ ರೋಗಿಗಳನ್ನು ಬಚ್ಚಿಟ್ಟರು, ಹೆಣಗಳನ್ನೂ ಬಚ್ಚಿಟ್ಟರು. 1897ರ ಜೂನ್ 22ರಂದು ಚಾಪೇಕರ್ ಸಹೋದರರು ರ‍್ಯಾಂಡ್ ಮೇಲೆ ಗುಂಡು ಹಾರಿಸಿದರು. ನಮ್ಮ ಮೈಸೂರು ಸಂಸ್ಥಾನದಲ್ಲೂ 1898ರಲ್ಲಿ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಗಲಭೆಯಾಯಿತು.

ಅದೇ ಪುಣೆಯಲ್ಲಿ ಇನ್ನೊಂದು ಬಗೆಯ ಕೆಲಸವೂ ನಡೆಯಿತು. ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಸಾವಿತ್ರಿಬಾಯಿ ಫುಲೆ, ವೈದ್ಯನಾಗಿದ್ದ ದತ್ತುಮಗನ ಜೊತೆ ಊರ ಹೊರಗೆ ರೋಗಿಗಳ ಆರೈಕೆಗೆ ನಿಂತರು. ಸೋಂಕು ತಗುಲಿದ ಬಾಲಕನೊಬ್ಬನನ್ನು ತಾವೇ ಹೊತ್ತು ತಂದರು. ಆ ಸೋಂಕಿನಿಂದಲೇ 1897ರ ಮಾರ್ಚ್ 10ರಂದು ತೀರಿಕೊಂಡರು. ನಮ್ಮ ಶಾಲೆಯ ಗೋಡೆಯ ಮೇಲೆ ಅವರ ಚಿತ್ರ ಇದೆ. ಅವರು ಹೇಗೆ ತೀರಿಕೊಂಡರು ಎಂಬುದು ಮಕ್ಕಳಿಗೆ ಗೊತ್ತಿರಲಿ.

ಲಸಿಕೆಯ ಕಥೆಯೂ ಮುಂಬಯಿಯದೇ. ವಾಲ್ಡೆಮಾರ್ ಹಾಫ್‌ಕಿನ್ ಒಡೆಸ್ಸಾದಲ್ಲಿ ಹುಟ್ಟಿದ ಯೆಹೂದಿ ವಿಜ್ಞಾನಿ. 1896ರ ಅಕ್ಟೋಬರಿನಲ್ಲಿ ಮುಂಬಯಿಗೆ ಬಂದು ಗ್ರಾಂಟ್ ವೈದ್ಯಕೀಯ ಕಾಲೇಜಿನ ಒಂದು ಕೋಣೆಯಲ್ಲಿ ಕೆಲಸ ಶುರು ಮಾಡಿದರು. ಮಾಂಸದ ಸಾರಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಕಾಯಿಸಿ ಕೊಂದು, ಅದನ್ನೇ ಚುಚ್ಚುಮದ್ದು ಮಾಡಿದರು. ಸಾರಿನ ಮೇಲೆ ಅವರು ಹಾಕುತ್ತಿದ್ದದ್ದು ಏನು ಗೊತ್ತೆ? ನಮ್ಮ ತುಪ್ಪ! ತೇಲುವ ತುಪ್ಪದ ಹನಿಯಿಂದ ಬ್ಯಾಕ್ಟೀರಿಯಾ ಬಿಳಲಿನ ಹಾಗೆ ಕೆಳಕ್ಕೆ ಇಳಿದು ಬೆಳೆಯುತ್ತಿತ್ತು. 1897ರ ಜನವರಿ 10ರಂದು ಮೊದಲ ಚುಚ್ಚುಮದ್ದನ್ನು ತಮಗೇ ಚುಚ್ಚಿಸಿಕೊಂಡರು. ಜನ ಹೆದರಿದಾಗ ಆಗಾ ಖಾನ್ ತಮ್ಮ ಅನುಯಾಯಿಗಳ ಎದುರಿಗೇ ಚುಚ್ಚಿಸಿಕೊಂಡು ತೋರಿಸಿದರು. ನಮ್ಮ ಹುಬ್ಬಳ್ಳಿಯಲ್ಲಿ 1898ರಲ್ಲಿ ಸಾವಿರಾರು ಜನ ಈ ಲಸಿಕೆ ಹಾಕಿಸಿಕೊಂಡರು. ಲಸಿಕೆಯಿಂದ ಸಾವು ಕಡಿಮೆಯಾಗುತ್ತದೆ ಎಂಬುದಕ್ಕೆ ಆಗ ದೊರೆತ ದೊಡ್ಡ ಪುರಾವೆಗಳಲ್ಲಿ ಹುಬ್ಬಳ್ಳಿಯದೂ ಒಂದು.

1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಅನಾಹುತವಾಯಿತು. ಒಂದೇ ದಿನ ಲಸಿಕೆ ಪಡೆದ 107 ಜನರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ಲಸಿಕೆಯೇ ವಿಷ ಎಂದಾಯಿತು, ಹಾಫ್‌ಕಿನ್ ಕೆಲಸ ಹೋಯಿತು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಏನಾದರೂ ಕೆಟ್ಟರೆ ಮೊದಲು ಮಾಡುವುದು ದಾಖಲೆ ತೆರೆಯುವುದು. ಎಲ್ಲಿಯವರೆಗೆ ಸರಿ ಇತ್ತು, ಎಲ್ಲಿಂದ ಕೆಟ್ಟಿತು ಎಂದು ಸಾಲು ಸಾಲಾಗಿ ನೋಡುವುದು. ಅಲ್ಲಿಯೂ ಬಾಟಲಿಗಳ ನಂಬರು ಬರೆದಿಟ್ಟಿದ್ದರು. ಸತ್ತ ಹತ್ತೊಂಬತ್ತೂ ಜನಕ್ಕೆ ಹಾಕಿದ್ದು ಒಂದೇ ಬಾಟಲಿಯಿಂದ. ಉಳಿದ ಬಾಟಲಿಗಳಿಂದ ಪಡೆದವರಿಗೆ ಏನೂ ಆಗಿರಲಿಲ್ಲ. ಬಾಟಲಿ ತೆರೆಯುವಾಗ ಬಳಸಿದ ಇಕ್ಕಳ ನೆಲಕ್ಕೆ ಬಿದ್ದಿತ್ತು ಎಂಬ ಸಾಕ್ಷ್ಯವೂ ಇತ್ತು. ಆದರೂ ಹಾಫ್‌ಕಿನ್ ನಿರ್ದೋಷಿ ಎಂದು ಒಪ್ಪಲು 1907ರವರೆಗೆ ಬೇಕಾಯಿತು. ಮಲೇರಿಯಾ ಖ್ಯಾತಿಯ ರೊನಾಲ್ಡ್ ರಾಸ್ ಅಂಥವರು ಪತ್ರಿಕೆಗೆ ಬರೆದು ಹೋರಾಡಬೇಕಾಯಿತು. ಇಂದು ಮುಂಬಯಿಯ ಆ ಸಂಸ್ಥೆಗೆ ಅವರದೇ ಹೆಸರಿದೆ.

ಇಲಿಯ ಕಥೆ ಏನಾಯಿತು? 1898ರಲ್ಲಿ ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯರು ರೋಗಿಗಳ ಕಾಲಿನ ಮೇಲೆ ಸಣ್ಣ ಬೊಕ್ಕೆ ಗಮನಿಸಿ, ಇದು ಚಿಗಟ ಕಚ್ಚಿದ ಗುರುತು ಎಂದು ಊಹಿಸಿದರು. ಕರಾಚಿಯಲ್ಲಿ ರೋಗ ಬಂದ ಇಲಿಯನ್ನೂ ಆರೋಗ್ಯವಾದ ಇಲಿಯನ್ನೂ ಒಂದಕ್ಕೊಂದು ಮುಟ್ಟದ ಹಾಗೆ, ಆದರೆ ಚಿಗಟ ಹಾರಬಲ್ಲ ಹಾಗೆ ಇಟ್ಟು ಪ್ರಯೋಗ ಮಾಡಿದರು. ಎರಡನೆಯ ಇಲಿಯೂ ಸತ್ತಿತು. ಪಂಡಿತರು ನಂಬಲಿಲ್ಲ. 1905ರ ನಂತರ ಮುಂಬಯಿಯಲ್ಲಿ ಪ್ಲೇಗ್ ಆಯೋಗದವರು ಪ್ರಯೋಗಗಳನ್ನು ಮಾಡಿದ ಮೇಲೆ ಒಪ್ಪಿದರು. ಅಲ್ಲಿಗೆ ನಮ್ಮ ಅಜ್ಜಿಯ ಅತ್ತೆಗೆ ಗೊತ್ತಿದ್ದ ಅರ್ಧ ವಿಷಯ ವಿಜ್ಞಾನದ ಪುಸ್ತಕಕ್ಕೆ ಸೇರಿತು. ಇನ್ನರ್ಧ, ಚಿಗಟದ ವಿಷಯ, ಅವರಿಗೂ ಗೊತ್ತಿರಲಿಲ್ಲ. ಅದಕ್ಕೆ ಪ್ರಯೋಗವೇ ಬೇಕಿತ್ತು.

ಬೆಂಗಳೂರಿಗೆ ಪ್ಲೇಗ್ ಬಂದದ್ದು 1898ರ ಆಗಸ್ಟ್‌ನಲ್ಲಿ, ಹುಬ್ಬಳ್ಳಿ ಕಡೆಯಿಂದ ರೈಲಿನ ದಾರಿಯಲ್ಲಿ. ಪೇಟೆಯ ಇಕ್ಕಟ್ಟಿನ ಮನೆಗಳು, ಗಾಳಿ ಬೆಳಕಿಲ್ಲದ ಓಣಿಗಳು, ಧಾನ್ಯದ ಅಂಗಡಿಗಳು. ಸಾವಿರಾರು ಜನ ಸತ್ತರು. ಅದರ ಫಲವಾಗಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದವು. ಅಗಲ ರಸ್ತೆ, ಮನೆಗಳ ನಡುವೆ ಜಾಗ, ಹಿಂದೆ ಕಸ ಸಾಗಿಸಲು ಸಣ್ಣ ಓಣಿ. ಇಂದು ಅಲ್ಲಿ ಬೆಳಗಿನ ವಾಕಿಂಗ್ ಹೋಗುವವರಲ್ಲಿ ಎಷ್ಟು ಜನಕ್ಕೆ ಇದು ಪ್ಲೇಗ್ ಹಾಕಿಸಿದ ರಸ್ತೆ ಎಂದು ಗೊತ್ತೋ! 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. ಆ ದಿನಗಳಲ್ಲಿ ಬೆಂಗಳೂರಿನ ಪ್ಲೇಗ್ ಶಿಬಿರದಲ್ಲಿ ಜೀವದ ಹಂಗು ತೊರೆದು ದುಡಿದವರಲ್ಲಿ ಡಾ. ಪಲ್ಪು ಒಬ್ಬರು. ಈಳವ ಜಾತಿಯವರೆಂಬ ಕಾರಣಕ್ಕೆ ಅವರಿಗೆ ಸ್ವಂತ ನಾಡು ತಿರುವಾಂಕೂರಿನಲ್ಲಿ ವೈದ್ಯ ಹುದ್ದೆ ಸಿಕ್ಕಿರಲಿಲ್ಲ. ಮೈಸೂರು ಸಂಸ್ಥಾನ ಕೆಲಸ ಕೊಟ್ಟಿತು. ಯಾರನ್ನು ಒಂದು ಊರು ಹೊರಗಿಟ್ಟಿತೋ ಅವರು ಇನ್ನೊಂದು ಊರಿನ ಜೀವ ಉಳಿಸಿದರು.

ಮಾಸ್ಕಿನ ವಿಷಯ ಹೇಳದೆ ಮುಂದೆ ಹೋಗಬಾರದು. 1910ರ ಚಳಿಗಾಲದಲ್ಲಿ ಚೀನಾದ ಮಂಚೂರಿಯಾದಲ್ಲಿ ಶ್ವಾಸಕೋಶದ ಪ್ಲೇಗ್ ಬಂತು. ಸುಮಾರು 60 ಸಾವಿರ ಜನ ಸತ್ತರು. ಮಲಯದಲ್ಲಿ ಹುಟ್ಟಿದ ಯುವ ವೈದ್ಯ ವು ಲಿಯೆನ್ ತೆ, ಇದು ಉಸಿರಿನಿಂದ ಹರಡುತ್ತದೆ, ಬಟ್ಟೆ ಮತ್ತು ಹತ್ತಿಯ ಮುಖಗವಸು ಕಟ್ಟಿಕೊಳ್ಳಿ ಎಂದರು. ಹಿರಿಯ ಫ್ರೆಂಚ್ ವೈದ್ಯರೊಬ್ಬರು ಇವರ ಮಾತನ್ನು ಕಡೆಗಣಿಸಿ ಮುಖಗವಸಿಲ್ಲದೆ ರೋಗಿಗಳನ್ನು ನೋಡಿದರು, ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಮೇಲೆ ಎಲ್ಲರೂ ಕಟ್ಟಿಕೊಂಡರು. 1911ರ ವಸಂತದ ಹೊತ್ತಿಗೆ ರೋಗ ನಿಂತಿತು.

ನಿಜವಾದ ಔಷಧಿ ಬಂದದ್ದು 1940ರ ದಶಕದಲ್ಲಿ. ಮೊದಲು ಸಲ್ಫಾ ಮಾತ್ರೆಗಳು, ಆಮೇಲೆ ಸ್ಟ್ರೆಪ್ಟೋಮೈಸಿನ್. ಬೇಗ ಕೊಟ್ಟರೆ ಇಂದು ಪ್ಲೇಗ್ ವಾಸಿಯಾಗುವ ಕಾಯಿಲೆ. "ಬೇಗ" ಎಂಬ ಪದವನ್ನು ಗಮನಿಸಿ. 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಎಂಬ ಸುದ್ದಿ ಬಂದಾಗ ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ಊರು ಬಿಟ್ಟು ಓಡಿದರು. ಆಮೇಲೆ ಆ ನಗರ ಕಸ, ಚರಂಡಿಗಳನ್ನು ಸರಿ ಮಾಡಿಕೊಂಡು ದೇಶದ ಸ್ವಚ್ಛ ನಗರಗಳಲ್ಲಿ ಒಂದಾಯಿತು.

ಈಗ ನಮ್ಮ ಊರಿನ ವಿಷಯ. 2020ರ ಮೇ ತಿಂಗಳಲ್ಲಿ ನಾನು ಪುಣೆಯಿಂದ ಬಂದೆ. ಮಹಾರಾಷ್ಟ್ರದಿಂದ ಬಂದವರು ಮನೆಗೆ ಹೋಗುವ ಹಾಗಿರಲಿಲ್ಲ. ನನ್ನನ್ನೂ ಇನ್ನು ಎಂಟು ಜನರನ್ನೂ ಇದೇ ಶಾಲೆಯಲ್ಲಿ ಹದಿನಾಲ್ಕು ದಿನ ಇಟ್ಟರು. ಒಂಬತ್ತನೇ ತರಗತಿ ಬಿ ವಿಭಾಗದ ಕೋಣೆ. ಬಿಸಿಯೂಟದ ಅಕ್ಕಂದಿರು ಗೇಟಿನ ಹತ್ತಿರ ಮುದ್ದೆ ಸಾರು ಇಟ್ಟು, ದೂರ ನಿಂತು, "ಸಾಲದಿದ್ರೆ ಕೇಳಪ್ಪ" ಎನ್ನುತ್ತಿದ್ದರು. ಆಶಾ ಕಾರ್ಯಕರ್ತೆಯವರು ದಿನಕ್ಕೆರಡು ಸಲ ಜ್ವರ ನೋಡಿ ಬರೆದುಕೊಳ್ಳುತ್ತಿದ್ದರು. ಅಲ್ಲಿ ಯಾರೂ ನಮ್ಮನ್ನು ಕಳ್ಳರ ಹಾಗೆ ನೋಡಲಿಲ್ಲ. ಹಾಗಾಗಿ ಗೋಡೆ ಹಾರುವ ಯೋಚನೆಯೂ ನಮಗೆ ಬರಲಿಲ್ಲ. ಐಯಮ್ ಹಳ್ಳಿಯ ಕಲ್ಲಿನ ಬಗ್ಗೆ ಓದಿದಾಗ ನನಗೆ ನೆನಪಾದದ್ದು ನಮ್ಮ ಶಾಲೆಯ ಗೇಟು.

ಆದರೆ ಮರುವರ್ಷ ನಮ್ಮ ಬೀದಿಯ ಹಿರಿಯರೊಬ್ಬರು ಆರು ದಿನ ಜ್ವರ ಮುಚ್ಚಿಟ್ಟರು. ಕಾಯಿಲೆಗಿಂತ ಬಾಗಿಲಿಗೆ ಅಂಟಿಸುವ ಚೀಟಿಗೆ, ನೀರು ಹಿಡಿಯುವಾಗ ಜನ ಆಡುವ ಮಾತಿಗೆ ಅವರು ಹೆದರಿದ್ದರು. ಏಳನೆಯ ದಿನ ತಾಲ್ಲೂಕು ಆಸ್ಪತ್ರೆಗೆ ಹೋದರು, ಹಿಂದಿರುಗಲಿಲ್ಲ. ಲಂಡನ್ನಿನ ಕೆಂಪು ಶಿಲುಬೆಯ ಬಗ್ಗೆ ಓದುವಾಗ ನನಗೆ ಅವರ ಮನೆಯ ಬಾಗಿಲು ಕಣ್ಣ ಮುಂದೆ ಬರುತ್ತದೆ. ಅವರ ಮನೆಯವರು ಈ ಸಭೆಯಲ್ಲಿದ್ದಾರೆ. ಅವರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ.

ಏಳು ಶತಮಾನಗಳ ಕಥೆಯಲ್ಲಿ ನಾನು ಕಂಡುಕೊಂಡದ್ದು ಇಷ್ಟು. ಎಲ್ಲಿ ಜನರಿಗೆ ಹೇಳಲು ಭಯವಾಯಿತೋ ಅಲ್ಲಿ ರೋಗ ಗೆದ್ದಿತು. ಎಲ್ಲಿ ಮೊದಲ ಸುಳಿವನ್ನು ಯಾರೋ ನೋಡಿ, ಬರೆದು, ಹೇಳಿದರೋ ಅಲ್ಲಿ ಸೋತಿತು. ಈ ಸುಳಿವು ಇಲಿಯದೇ ಆಗಬೇಕೆಂದಿಲ್ಲ. 1957ರಲ್ಲಿ ನಮ್ಮದೇ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಹೊಸ ರೋಗವೊಂದು ಇದೆ ಎಂದು ಜಗತ್ತಿಗೆ ತಿಳಿದದ್ದು ಹಾಗೆ. ಇಂದಿಗೂ ಮಲೆನಾಡಿನಲ್ಲಿ ಮಂಗ ಸತ್ತು ಬಿದ್ದರೆ ಆರೋಗ್ಯ ಇಲಾಖೆಗೆ ತಿಳಿಸಿ ಎನ್ನುತ್ತಾರೆ. ಅಂದು ಇಲಿ ಬಿತ್ತು, ಇಂದು ಮಂಗ ಬಿತ್ತು. ಗಮನಿಸುವ ಕಣ್ಣು ಅದೇ ಬೇಕು.

ಇನ್ನು, ಈ ವಿಷಯವನ್ನೇ ಇಲ್ಲಿ ಆರಿಸಿದ ಕಾರಣ. ಮಹೋತ್ಸವದ ಹಣದಲ್ಲಿ ಉಳಿದದ್ದನ್ನು ಏನು ಮಾಡಬೇಕು ಎಂದು ಸಮಿತಿಯಲ್ಲಿ ಎರಡು ಅಭಿಪ್ರಾಯ ಇದೆ ಎಂದು ಕೇಳಿದ್ದೇನೆ. ಕೆಲವರು ಮುಖ್ಯ ರಸ್ತೆಯಲ್ಲಿ ಸ್ವಾಗತ ಕಮಾನು ಕಟ್ಟಿಸೋಣ, ದಾನಿಗಳ ಹೆಸರು ಕೆತ್ತಿಸೋಣ ಎನ್ನುತ್ತಾರೆ. ಕಮಾನು ಚೆಂದವೇ, ನನ್ನ ಹೆಸರೂ ಇದ್ದರೆ ನಮ್ಮ ಅಪ್ಪನಿಗೆ ಸಂತೋಷವೇ. ಆದರೆ ನಾನು ಓದುವಾಗ ನಮ್ಮ ಪ್ರಯೋಗಾಲಯದಲ್ಲಿ ಒಂದು ಸೂಕ್ಷ್ಮದರ್ಶಕ ಇತ್ತು. ವಿಜ್ಞಾನದ ಮೇಷ್ಟ್ರು ಅದನ್ನು ಮಗುವಿನ ಹಾಗೆ ಎತ್ತಿ ತಂದು, ಕೆರೆಯ ಒಂದು ಹನಿ ನೀರು ಇಟ್ಟು, ಅರವತ್ತು ಜನರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಗೂ ಎಣಿಸಿದಂತೆ ಹತ್ತು ಸೆಕೆಂಡ್ ತೋರಿಸಿದ್ದರು. ಈ ಸಲ ಬಂದಾಗ ನೋಡಿದೆ. ಈಗಲೂ ಅದೊಂದೇ ಇದೆ, ಮಸೂರ ಮಸುಕಾಗಿದೆ. ಯೆರ್ಸಿನ್ ಹುಲ್ಲಿನ ಗುಡಿಸಲಿನಲ್ಲಿ ಕೂತು ಬ್ಯಾಕ್ಟೀರಿಯಾ ಕಂಡುಹಿಡಿದರು ಎಂದೆನಲ್ಲ, ಕಟ್ಟಡ ಇಲ್ಲದಿದ್ದರೂ ನಡೆಯಿತು, ಸೂಕ್ಷ್ಮದರ್ಶಕ ಇಲ್ಲದೆ ನಡೆಯುತ್ತಿರಲಿಲ್ಲ.

ನನ್ನ ಕೋರಿಕೆ ಎರಡು. ಮೊದಲನೆಯದು, ಕಮಾನಿನ ಹಣದಲ್ಲಿ ಹತ್ತು ಒಳ್ಳೆಯ ಸೂಕ್ಷ್ಮದರ್ಶಕ ಕೊಳ್ಳೋಣ. ಕಡಿಮೆ ಬಿದ್ದ ಹಣವನ್ನು ನಮ್ಮ ಬ್ಯಾಚಿನವರು ಸೇರಿ ಹಾಕುತ್ತೇವೆ. ನಿನ್ನೆ ರಾತ್ರಿಯೇ ಮಾತಾಡಿಕೊಂಡಿದ್ದೇವೆ. ಎರಡನೆಯದಕ್ಕೆ ಹಣ ಬೇಡ. ಎಂಟನೇ, ಒಂಬತ್ತನೇ ತರಗತಿಯ ಮಕ್ಕಳು ಊರಿನ ಎಂಬತ್ತು ದಾಟಿದ ಅಜ್ಜ ಅಜ್ಜಿಯರ ಹತ್ತಿರ ಹೋಗಿ, ಗುಡಿಸಲು ಮಾಳದಲ್ಲಿ ಯಾರು ಎಲ್ಲಿ ಇದ್ದರು, ಏನು ಉಂಡರು, ಯಾರನ್ನು ಕಳೆದುಕೊಂಡರು ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆಯಲಿ. ಕೊರೋನಾ ಕಾಲದಲ್ಲಿ ಈ ಊರಿನಲ್ಲಿ ನಡೆದದ್ದನ್ನೂ ಬರೆಯಲಿ, ಒಳ್ಳೆಯದು ಕೆಟ್ಟದ್ದು ಎರಡನ್ನೂ. ಆ ಪುಸ್ತಕ ಶಾಲೆಯ ಗ್ರಂಥಾಲಯದಲ್ಲಿರಲಿ. ನಮ್ಮ ಅಜ್ಜಿ ಈಗಿಲ್ಲ. ಅವರಿಗೆ ಗೊತ್ತಿದ್ದದ್ದರಲ್ಲಿ ನನ್ನ ಬಳಿ ಉಳಿದಿರುವುದು ಇಂದು ನಿಮಗೆ ಹೇಳಿದ ಹತ್ತು ಸಾಲು ಮಾತ್ರ. ಇನ್ನೂ ಕೆಲವರು ಇದ್ದಾರೆ. ಈ ವರ್ಷವೇ ಕೇಳಬೇಕು.